ಶಾಮಲಾ ಇಪ್ಪತ್ತೈದು

ಮಾರ್ಚ್ ೩, ಸೋಮವಾರ

ಜಯಂತ್ ತುಂಬಿಕೊಟ್ಟ ತೋಟಾ ಸಿಡಿದು ನನ್ನ ಚಿಕ್ಕಪ್ಪ ಚಕ್ರಪಾಣಿಯವರ ಬಲಗೈ ಹೆಬ್ಬೆರಳು ಹೋಯಿತು. ಆ ತೋಟಾ ಚಿಕ್ಕಪ್ಪನೇ ತುಂಬಿಕೊಂಡದ್ದು ಎಂದು ಜಯಂತ್ ಗುಂಡು ಹೊಡೆಯುವವರ ಕ್ಲಬ್ಬಿನಲ್ಲಿ ಸುಳ್ಳು ಹೇಳಿದ.

ಅವನನ್ನು ಬಿಡುವುದಿಲ್ಲ.

ಕೋಪದಲ್ಲಿ ಎಲ್ಲ ಕಲಸಿಹೋಗುವ ಮೊದಲು ನಡೆದದ್ದನ್ನು ಬರೆದಿಡುತ್ತೇನೆ. ಹಿಂದಿನ ಶನಿವಾರದ ಹಿಂದಿನ ಶನಿವಾರ ಚಿಕ್ಕಪ್ಪನಿಗೆ ಅರವತ್ತು ತುಂಬಿತು. ಶೋರ್‌ಲೈನಿನ ನಮ್ಮ ಮನೆಗೆ ಜಯಂತ್ ಬಂದ. ಓವರ್‌ಲೇಕ್‌ನ ಕಂಪನಿಯಲ್ಲಿ ಇಂಜಿನಿಯರ್, ನಮ್ಮಂತೆ ಈ ದೇಶಕ್ಕೆ ಬಂದು ನೆಲೆಸಿದ ಬೆಂಗಳೂರಿನವನು, ಗುಂಡು ಹೊಡೆಯುವುದನ್ನು ಚಿಕ್ಕಪ್ಪನಿಂದಲೇ ಕಲಿತವನು. ಕೇಕ್ ಕತ್ತರಿಸಿದ ಮೇಲೆ ತೋಟಾಗಳ ಒಂದು ಡಬ್ಬಿಯನ್ನು ಚಿಕ್ಕಪ್ಪನ ಕೈಗಿಟ್ಟು, “ಸಾರ್, ಈ ಸಲ ಎಲ್ಲಾ ನಾನೇ ತುಂಬಿದ್ದು. ನೀವು ಸುಮ್ನೆ ಹೊಡೀರಿ” ಎಂದ. ನಾನು ಕೇಳಿಸಿಕೊಂಡೆ, ಶಾಮಲಾ ಚಿಕ್ಕಮ್ಮನೂ ಕೇಳಿಸಿಕೊಂಡರು. ಮರುದಿನ ಮನ್ರೋ ಆಚೆ ಕಾಡಂಚಿನಲ್ಲಿ ಗುರಿ ಅಭ್ಯಾಸ ಮಾಡುವ ಕ್ಲಬ್ಬಿನ ರೇಂಜಿನಲ್ಲಿ ಚಿಕ್ಕಪ್ಪ ಮೊದಲನೆಯದನ್ನು ಹೊಡೆದರು. ರಿವಾಲ್ವರಿನ ಗುಂಡಿನ ಮನೆ ಒಡೆದು ಮೂರು ಚೂರಾಯಿತು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಜಯಂತ್ ಡಬ್ಬಿ ಎತ್ತಿಕೊಂಡು ಹೋಗಿದ್ದ.

ಕ್ಲಬ್ಬಿನ ಅಧ್ಯಕ್ಷನಿಗೆ ನಾನು ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮನೆಯವರ ಸಾಕ್ಷಿ ಲೆಕ್ಕಕ್ಕಿಲ್ಲವಂತೆ. ಮುದುಕ ಮೈಮರೆತು ತೋಟಾದ ಮದ್ದನ್ನು ಎರಡು ಸಲ ಸುರಿದಿದ್ದಾನೆ, ಇಂಥವನು ಪಕ್ಕದಲ್ಲಿ ನಿಂತರೆ ಬೇರೆಯವರಿಗೂ ಅಪಾಯ ಎಂದು ತೀರ್ಮಾನವಾಗಿದೆ. ಏಪ್ರಿಲ್ ಮೊದಲ ಶನಿವಾರ ಸಭೆ. ಅಲ್ಲಿ ಚಿಕ್ಕಪ್ಪನನ್ನು ಶಾಶ್ವತವಾಗಿ ಹೊರಹಾಕುತ್ತಾರೆ.

ಚಿಕ್ಕಪ್ಪ ಏನೂ ಹೇಳಲಿಲ್ಲ. ನೋವಿನ ಮಾತ್ರೆಯ ಮಂಪರು ಇರಬೇಕು.

ಮಾರ್ಚ್ ೫, ಬುಧವಾರ

ಕ್ಯಾಪಿಟಲ್ ಹಿಲ್ಲಿನ ಹೋರಾಟಗಾರರ ಪುಸ್ತಕದಂಗಡಿಯಿಂದ ತಂದ ಕರಪತ್ರವನ್ನು ಬಸ್ಸಿನಲ್ಲಿ ಮತ್ತೆ ಓದಿದೆ. “ಹೊಣೆ ಹೊರದವನ ಮೇಲೆ ಹೊಣೆಯನ್ನು ಹೊರಿಸಬೇಕು, ಕ್ಷಮೆ ಬಲವುಳ್ಳವರು ಹಬ್ಬಿಸಿದ ರೋಗ.” ಕೆಳಗೆ ಗೆರೆ ಎಳೆದೆ. ಅದು ಗ್ರಂಥಾಲಯದಲ್ಲಿರುವ ದಪ್ಪ ಪುಸ್ತಕಗಳ ಮಾತಲ್ಲ. ಅಲ್ಲಿ ಎಲ್ಲದಕ್ಕೂ ಎರಡು ಪಕ್ಷ ಇರುತ್ತವೆ. ಇದಕ್ಕೆ ಒಂದೇ ಪಕ್ಷ.

ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ನೋಡಿದರು. “ಆ ಸ್ಟೇಪಲ್ ಹೊಡೆದಿರೋ ಪುಸ್ತಕ ಓದಿ ಓದಿ ನಿನ್ನ ಮುಖಕ್ಕೂ ಸ್ಟೇಪಲ್ ಬಿದ್ದಿದೆ ಕಣೇ ಪೂಜಿ. ಒಂದು ಸಲ ನಗು.”

“ನಗೋಕೆ ಏನಿದೆ ಚಿಕ್ಕಮ್ಮ?”

“ನನ್ನ ಹೆಸರಿಟ್ಟ ತೋಟಾ ಅವರ ಕೈ ಕಚ್ತು. ಇನ್ಯಾರದ್ದಾದ್ರೂ ಹೆಸರಿಟ್ಟಿದ್ರೆ ನಾನೇ ಕಚ್ತಿದ್ದೆ. ಯಾವ ರೀತೀಲೂ ಬೆರಳು ಉಳೀತಿರ್ಲಿಲ್ಲ.”

ಹಾಸಿಗೆಯ ಮೇಲಿಂದ ಚಿಕ್ಕಪ್ಪ ಕೂಗಿದರು: “ಇನ್ಮೇಲೆ ಹೆಬ್ಬೆಟ್ಟು ಒತ್ತೋಕೂ ಲಾಯಕ್ಕಿಲ್ಲ ನಾನು. ಸಹಿನೇ ಹಾಕ್ಬೇಕು.”

ಇಬ್ಬರೂ ನಕ್ಕರು. ನನಗೆ ಅವರಿಬ್ಬರ ಮೇಲೂ ಸಿಟ್ಟು ಬಂತು.

ಮಾರ್ಚ್ ೮, ಶನಿವಾರ

ಆಸ್ಪತ್ರೆ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಚಿಕ್ಕಪ್ಪನ ಜಾಕೆಟ್ ಇತ್ತು. ಒಗೆಯಲು ಹಾಕುವಾಗ ಜೇಬಿನಲ್ಲಿ ಎರಡು ತೋಟಾ ಸಿಕ್ಕವು. ಅವತ್ತು ಚಿಕ್ಕಪ್ಪ ಒಯ್ದದ್ದು ಜಯಂತನ ಡಬ್ಬಿ ಮಾತ್ರ, ಇವು ಅದರವೇ. ಎಲ್ಲವನ್ನೂ ಎತ್ತಿಕೊಂಡು ಹೋದೆ ಎಂದುಕೊಂಡಿದ್ದಾನೆ.

ಈಗ ಅವನು ನನ್ನ ಕೈಯಲ್ಲಿದ್ದಾನೆ. ಆದರೆ ಬಿಚ್ಚಿ ತೂಗಿದರೆ ಸಾಲದು. ಸರಿಯಾದ ಅಳತೆ ಎಷ್ಟು ಎಂಬುದೂ ಬೇಕು. ಇಲ್ಲೇ ತೊಡಕು. ಬೇರೆ ತೋಟಾ ಆಗಿದ್ದರೆ ಮದ್ದು ಮಾರುವವರ ಕೈಪಿಡಿ ತೆರೆದು ನೋಡಬಹುದಿತ್ತು. ಇದು ಯಾವ ಕಾರ್ಖಾನೆಯೂ ಮಾಡದ, ಯಾವ ಕೈಪಿಡಿಯಲ್ಲೂ ಇಲ್ಲದ ತೋಟಾ. ಇಲ್ಲಿನವರು ಇಂಥವನ್ನು ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ದೊಡ್ಡ ರಿವಾಲ್ವರಿನ ತೋಟಾದ ಹಿತ್ತಾಳೆ ಖೋಲು, ಅಂದರೆ ಕೇಸು, ತಂದು, ಕತ್ತರಿಸಿ, ತಾವೇ ಕಡೆದ ಅಚ್ಚುಗಳಲ್ಲಿ ಒತ್ತಿ ಒತ್ತಿ ಕುತ್ತಿಗೆ ಕಿರಿದು ಮಾಡಿ, ಚಿಕ್ಕಪ್ಪ ಅದಕ್ಕೆ ‘ಶಾಮಲಾ ಇಪ್ಪತ್ತೈದು’ ಎಂದು ಹೆಸರಿಟ್ಟರು: ಚಿಕ್ಕಮ್ಮನ ಹೆಸರು, ಗುಂಡಿನ ಅಡ್ಡಳತೆ ಪಾಯಿಂಟ್ ಇಪ್ಪತ್ತೈದು ಇಂಚು. ಕ್ಲಬ್ಬಿನವರ ಬಾಯಲ್ಲಿ ಅದು ‘ಶ್ಯಾಮ್ಲರ್’ ಆಗಿತ್ತು. ಅದನ್ನು ಹೊಡೆಯಬಲ್ಲ ರಿವಾಲ್ವರುಗಳು ಲೋಕದಲ್ಲಿ ಎರಡೇ ಇದ್ದವು. ಚಿಕ್ಕಪ್ಪನದು ಒಡೆಯಿತು. ಇನ್ನೊಂದು ಜಯಂತನ ಬಳಿ ಇದೆ.

ಎಷ್ಟು ಮದ್ದು ಹಾಕಬೇಕೆಂದು ಚಿಕ್ಕಪ್ಪ ಶಿಷ್ಯ ಜಯಂತನೊಬ್ಬನನ್ನು ಬಿಟ್ಟು ಯಾರಿಗೂ ಹೇಳಿದವರಲ್ಲ. ಕ್ಲಬ್ಬಿನವರು ಕಾಫಿ ಕುಡಿಸಿ, ಬಿಯರ್ ಕುಡಿಸಿ ಕೇಳಿದರೂ ನಕ್ಕು ಮೀಸೆ ತಿರುವುತ್ತಿದ್ದರು. ಅಕ್ಕಸಾಲಿಗರ ಮನೆತನದ ಜಂಬ. ಈಗ ಹಲ್ಲಿನ ಡಾಕ್ಟರುಗಳಿಗೆ ಚಿನ್ನದ ಕ್ಯಾಪ್ ಮಾಡಿಕೊಡುವ ಲ್ಯಾಬನ್ನು ಮನೆಯಲ್ಲೇ ನಡೆಸುತ್ತಾರೆ. ಅಲ್ಲೂ ಚಿನ್ನಕ್ಕೆ ಪುಟವಿಡುವ ಗುಟ್ಟನ್ನು ನನಗೇ ಹೇಳಿಲ್ಲ.

ಹೇಳಿಸಬೇಕು.

ಮಾರ್ಚ್ ೯, ಭಾನುವಾರ

“ಚಿಕ್ಕಪ್ಪ, ನಂಗೆ ತುಂಬೋದು ಕಲಿಸಿ.”

“ಯಾಕೆ?”

“ನಿಮ್ಮ ಕೈಲಿ ಇನ್ನು ಆಗಲ್ಲ. ತೋಟಾ ನಿಂತುಹೋಗ್ಬಾರ್ದು.”

ಇದು ಸುಳ್ಳು. ಕರಪತ್ರದ ಪ್ರಕಾರ ಹೋರಾಟದಲ್ಲಿ ಇಂಥ ಸುಳ್ಳಿಗೆ ಅವಕಾಶವಿದೆ. ಚಿಕ್ಕಪ್ಪ ಎಡಗೈಯಲ್ಲಿ ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದರು. ಕಣ್ಣು ತುಂಬಿದ್ದವು. “ಉಗುರು ಕತ್ತರಿಸ್ಕೊಂಡು ಬಾ. ಆ ಕರಿ ಬಣ್ಣ ಎಲ್ಲ ತೆಗಿ” ಎಂದರು.

ಮಾರ್ಚ್ ೧೫, ಶನಿವಾರ

ಒಂದು ವಾರದಲ್ಲಿ ಹನ್ನೆರಡು ಕೇಸು ಹಾಳುಮಾಡಿದೆ. ಕುತ್ತಿಗೆ ಒತ್ತುವಾಗ ಮಡಿಚಿಕೊಳ್ಳುತ್ತದೆ, ಇಲ್ಲವೇ ಕೂದಲೆಳೆಯಷ್ಟು ಸೀಳುತ್ತದೆ. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಬೈಯುತ್ತಾರೆ.

“ಹದ ಮಾಡ್ದೆ ಒತ್ತಿದ್ರೆ ಇನ್ನೇನಾಗುತ್ತೆ? ಬೆಂಕಿ ತೋರ್ಸು. ಅಷ್ಟಲ್ಲ. ಹಿತ್ತಾಳೆ ಅದು, ಹಪ್ಪಳ ಅಲ್ಲ.”

“ನೀವು ಸರಿಯಾಗಿ ಹೇಳಿದ್ರೆ ತಾನೆ.”

“ಹೇಳ್ತಾನೇ ಇದೀನಲ್ಲ. ನಿನ್ನ ಕಿವಿ ಕರಪತ್ರಕ್ಕೆ ಕೊಟ್ಟಿದೀಯ.”

ಇವತ್ತು ಹದಿಮೂರನೆಯದು ಸರಿಬಂತು. ಕುತ್ತಿಗೆಯ ಕೆಳಗೆ ಕೇಸಿನ ಭುಜದ ಇಳಿಜಾರು ನೀಟಾಗಿ ಕೂತಿತು. ಅವರು ಎಡಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಅಂಗಿ ಜೇಬಿಗೆ ಹಾಕಿಕೊಂಡರು.

ಕರಪತ್ರದ ಅಂಗಡಿಯಲ್ಲಿ ಗುರುವಾರ ಸೇರುವ ಓದುವ ಗುಂಪಿಗೆ ಹೋಗಲಾಗಲಿಲ್ಲ. ಕೇಸು ಹದ ಮಾಡುವುದಿತ್ತು.

ಮಾರ್ಚ್ ೧೮, ಮಂಗಳವಾರ

ಕೊನೆಗೂ ಹೇಳಿದರು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: “ಇಷ್ಟು ಗುಂಜಿ.” ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಮಾತು ತೆಗೆದುಕೊಂಡಿದ್ದಾರೆ.

ತೂಕದ ಯಂತ್ರದಲ್ಲಿ ಅಷ್ಟು ಗುಂಜಿ ತೂಗಿ ಆರು ತೋಟಾ ತುಂಬಿದೆ. ನಮ್ಮ ಲ್ಯಾಬಿನಲ್ಲಿ ಚಿನ್ನವನ್ನೂ ಗುಂಜಿಯಲ್ಲೇ ಹೇಳುವುದು, ನನಗದು ಅಭ್ಯಾಸ. ಕೇಸಿನ ಅರ್ಧವೂ ತುಂಬುವುದಿಲ್ಲ. ಅಪಾಯ ಇರುವುದು ಇಲ್ಲೇ, ಹೆಚ್ಚು ಸುರಿದರೂ ಕಣ್ಣಿಗೆ ತಕ್ಷಣ ಕಾಣದು.

ಅವರು ಮಲಗಿದ ಮೇಲೆ ಜಯಂತನ ಎರಡನ್ನೂ ಬಿಚ್ಚಿದೆ. ಗುಂಡು ಕಿತ್ತು, ಮದ್ದನ್ನು ಬಟ್ಟಲಿಗೆ ಸುರಿದು ತೂಗಿದೆ. ಮತ್ತೆ ತೂಗಿದೆ. ಎಂಟು ಪಾಲು ಇರಬೇಕಾದ ಕಡೆ ಹದಿನೈದು ಪಾಲು ಇದೆ. ಎರಡರಲ್ಲೂ ಒಂದು ಕಣ ಹೆಚ್ಚು ಕಮ್ಮಿ ಇಲ್ಲ.

ಕೈತಪ್ಪಿ ಎರಡು ಸಲ ಸುರಿದಿದ್ದರೆ ಸರಿಯಾಗಿ ಎರಡರಷ್ಟಿರಬೇಕಿತ್ತು. ಹಾಗಿಲ್ಲ. ಅಜಾಗರೂಕತೆ ಆಗಿದ್ದರೆ ಒಂದೊಂದರಲ್ಲಿ ಒಂದೊಂದು ತೂಕ ಇರಬೇಕಿತ್ತು. ಹಾಗೂ ಇಲ್ಲ. ಯಾರೋ ಕೂತು, ಲೆಕ್ಕ ಹಾಕಿ, ಜೋಪಾನವಾಗಿ ತೂಗಿ ತುಂಬಿದ್ದು ಇದು.

ಅವನು ಬೇಕೆಂದೇ ಮಾಡಿದ.

ಮಾರ್ಚ್ ೧೯, ಬುಧವಾರ

ಬೇಕೆಂದೇ ಮಾಡಿದ.

ಮಾರ್ಚ್ ೨೨, ಶನಿವಾರ

ಪೊಲೀಸರಿಗೆ ಹೇಳಬೇಕೆನ್ನುವುದು ಸಭ್ಯರ ಯೋಚನೆ. ಅವರು ಬಂದು, ಚಿಕ್ಕಪ್ಪನ ಬೆಂಚನ್ನೂ ಅಚ್ಚುಗಳನ್ನೂ ಎತ್ತಿಕೊಂಡು ಹೋಗಿ, ಆರು ತಿಂಗಳ ಮೇಲೆ ಸಾಕ್ಷ್ಯ ಸಾಲದು ಎನ್ನುತ್ತಾರೆ.

ನಾನು ಬೇರೆ ದಾರಿ ಹಿಡಿದೆ. ಅವನ ಅಳತೆಯಲ್ಲೇ, ಎಂಟಕ್ಕೆ ಹದಿನೈದರಂತೆ, ಒಂದು ತೋಟಾ ತುಂಬಿದೆ. ಒಂದೇ ಒಂದು. ಇದುವರೆಗೆ ತುಂಬಿದವುಗಳಲ್ಲೆಲ್ಲ ಇದೇ ಚೆನ್ನಾಗಿ ಬಂದಿದೆ, ಕುತ್ತಿಗೆಯ ಅಂಚು ಕೂಡ.

ಅವನಿಗೆ ಮೆಸೇಜ್ ಹಾಕಿದೆ. ನಾನು ತುಂಬೋದು ಕಲಿತಿದೀನಿ, ಹೊಡೆದು ನೋಡೋಕೆ ನಿಮ್ಮ ರಿವಾಲ್ವರ್ ಒಂದೇ ಇರೋದು, ರೇಂಜಿಗೆ ಬರ್ತೀರಾ ಎಂದು. ಹತ್ತು ನಿಮಿಷದಲ್ಲಿ ಉತ್ತರ: “ಏಪ್ರಿಲ್ ಒಂದು, ಮಂಗಳವಾರ ಸಂಜೆ ಐದು. ನನ್ನ ಗೆಸ್ಟ್ ಅಂತ ಬಾ.”

ಅಷ್ಟು ಬೇಗ ಒಪ್ಪಿದ. ಎಷ್ಟು ಧೈರ್ಯ.

ಮಾರ್ಚ್ ೨೬, ಬುಧವಾರ

ಊಟ ಸೇರುತ್ತಿಲ್ಲ. ಆ ತೋಟಾವನ್ನು ಕಾಲುಚೀಲದೊಳಗೆ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ದಿನಕ್ಕೆ ಎಷ್ಟು ಸಲ ಬೀರು ತೆಗೆದು ನೋಡುತ್ತೇನೆಂದು ಚಿಕ್ಕಮ್ಮ ಗಮನಿಸಿದ್ದಾರೆ. “ಯಾರಾದ್ರೂ ಹುಡುಗ ಇದಾನೇನೇ ಅದ್ರೊಳಗೆ” ಎಂದರು.

ಇದ್ದಾನೆ.

ಮಾರ್ಚ್ ೩೦, ಭಾನುವಾರ. ಯುಗಾದಿ

ಬಾಗಿಲು ತೆಗೆದರೆ ಜಯಂತನ ತಾಯಿ ಪ್ರೇಮಮ್ಮ ನಿಂತಿದ್ದಾರೆ. ಬೆಂಗಳೂರಿಂದ ಬಂದು ಹತ್ತು ದಿನವಾಯಿತಂತೆ. ಕೈಯಲ್ಲಿ ಒಬ್ಬಟ್ಟಿನ ಡಬ್ಬಿ. ಹಿಂದೆ ರಸ್ತೆಯಲ್ಲಿ ಕಾರು, ಸ್ಟೇರಿಂಗ್ ಹಿಡಿದು ಜಯಂತ್. ಇಂಜಿನ್ ನಿಲ್ಲಿಸಿರಲಿಲ್ಲ. ಈ ಕಡೆ ನೋಡಲೂ ಇಲ್ಲ.

“ಒಳಗೆ ಬಾರೋ ಅಂದ್ರೆ ಬರಲ್ಲ ಅಂತಾನೆ” ಎಂದರು ಪ್ರೇಮಮ್ಮ. “ಗುರುಗಳ ಕೈ ನೋಡೋಕೆ ಆಗಲ್ವಂತೆ. ಮನೇಲೂ ಅಷ್ಟೇ. ಊಟ ಇಲ್ಲ, ನಿದ್ದೆ ಇಲ್ಲ. ಹೆಂಡತಿನೂ ಇಲ್ಲ, ಯಾರು ಕೇಳ್ಬೇಕು ಹೇಳಿ.”

ಚಿಕ್ಕಪ್ಪ ಅವರನ್ನು ಲ್ಯಾಬಿಗೆ ಕರೆದೊಯ್ದು ತೋರಿಸಿದರು. ಹೊಸಬರು ಬಂದರೆ ಅವರಿಗೆ ಜಂಬ ತಡೆಯುವುದಿಲ್ಲ. ಒಂದು ಚಿನ್ನದ ಕ್ಯಾಪನ್ನು ಯಂತ್ರದ ಮೇಲಿಟ್ಟು, “ನೋಡಿ, ಸರಿಯಾಗಿ ಮೂವತ್ತು ಗುಂಜಿ” ಎಂದರು.

ಪ್ರೇಮಮ್ಮ ಬಗ್ಗಿ ನೋಡಿದರು. “ಮೂವತ್ತು ಗುಂಜಿನಾ? ಇಷ್ಟೇ ಇಷ್ಟಕ್ಕಾ?”

“ಯಂತ್ರ ಸುಳ್ಳು ಹೇಳುತ್ತಾ?”

“ಯಂತ್ರ ಹೇಳಲ್ಲ, ನೀವು ಹೇಳ್ತಿದೀರ. ಅವೆನ್ಯೂ ರೋಡಲ್ಲಿ ನಮ್ಮಪ್ಪ ನಲವತ್ತು ವರ್ಷ ಚಿನ್ನದ ತಕ್ಕಡಿ ಹಿಡಿದ್ರು. ಜಯಂತ ಅವರ ತೊಡೆ ಮೇಲೆ ಕೂತ್ಕೊಂಡೇ ಗುಲಗಂಜಿ ಎಣಿಸೋದು ಕಲ್ತಿದ್ದು. ತಡೀರಿ.” ಕಿವಿಯ ಓಲೆ ಎರಡನ್ನೂ ಬಿಚ್ಚಿ ಯಂತ್ರದ ಮೇಲಿಟ್ಟರು. “ನಮ್ಮಪ್ಪ ಮಾಡಿಸಿಕೊಟ್ಟಿದ್ದು. ಎರಡೂ ಸೇರಿ ಎಂಟು ಗುಂಜಿ. ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ.”

ಯಂತ್ರ ಹದಿನೈದು ತೋರಿಸಿತು.

ಪ್ರೇಮಮ್ಮ ನಗುತ್ತಿದ್ದರು. ಚಿಕ್ಕಪ್ಪ ನಗಲಿಲ್ಲ. ನಾನು ಯಂತ್ರದ ಪಕ್ಕಕ್ಕೆ ಬಂದು ಗುಂಡಿಯ ಮೇಲೆ ಬರೆದಿದ್ದನ್ನು ಓದಿದೆ. ಗ್ರೇನ್ ಎಂದಿತ್ತು: ಎಂಟು ಗುಂಜಿಗೆ ಹದಿನೈದು ಗ್ರೇನ್. ಹನ್ನೊಂದನೆಯ ವಯಸ್ಸಿನಿಂದ ಈ ಮನೆಯಲ್ಲಿ ಬೆಳೆದವಳು ನಾನು. ಗ್ರೇನಿಗೆ ಕನ್ನಡದಲ್ಲಿ ಗುಂಜಿ ಎನ್ನುತ್ತಾರೆಂದೇ ತಿಳಿದಿದ್ದೆ. ಅದು ಕನ್ನಡವಲ್ಲ, ಚಿಕ್ಕಪ್ಪನ ಗತ್ತು.

ಪ್ರೇಮಮ್ಮ ಹೊರಟ ಮೇಲೆ ಲ್ಯಾಬಿನ ಬಾಗಿಲು ಹಾಕಿ ಚಿಕ್ಕಪ್ಪನನ್ನು ಕೇಳಿದೆ. “ಜಯಂತಂಗೂ ಗುಂಜಿ ಅಂತಲೇ ಹೇಳಿದ್ರಾ?”

“ಹೂಂ.”

“ಅವನು ನಿಜವಾದ ಗುಂಜಿ ತೂಗಿದ.”

“ಹೂಂ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಆಸ್ಪತ್ರೆಲಿ. ಬಿದ್ಕೊಂಡು ಯೋಚನೆ ಮಾಡೋಕೆ ಬೇರೇನಿತ್ತು?”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ಚಿಕ್ಕಪ್ಪ? ನಿಮ್ಮನ್ನ ಅರಳುಮರಳು ಅಂತಿದಾರೆ.”

ಬ್ಯಾಂಡೇಜನ್ನು ನೋಡುತ್ತಾ ಕೂತರು. “ಹೇಳಿದ್ರೆ, ಹಾಗಾದ್ರೆ ಸರಿಯಾದ ಅಳತೆ ಎಷ್ಟು ಅಂತ ಕೇಳ್ತಾರೆ. ಹೇಳ್ಬೇಕಾಗುತ್ತೆ.”

ಬೆರಳು ಹೋಯಿತು, ಹೆಸರು ಹೋಗುತ್ತಿದೆ, ಸಂಖ್ಯೆ ಮಾತ್ರ ಬಿಡಲಾರರು.

“ಹುಡುಗ ನನ್ನ ಮಾತು ನಂಬಿ, ತಾತನ ಲೆಕ್ಕ ಹಾಕಿದಾನೆ” ಎಂದರು ಆಮೇಲೆ. “ಅನುಮಾನ ಬಂದಿದ್ರೂ ಕೇಳಿರಲ್ಲ. ಕೇಳಿದ್ರೆ ನಾನು ರೇಗ್ತಿದ್ದೆ.”

ಸಂಜೆ ಬೀರುವಿನಲ್ಲಿದ್ದ ಆ ಒಂದು ತೋಟಾ ಬಿಚ್ಚಿದೆ. ಮದ್ದನ್ನು ಹಿತ್ತಲಿನ ಹುಲ್ಲಿಗೆ ಚೆಲ್ಲಿ ನೀರು ಬಿಟ್ಟೆ. ಒಬ್ಬಟ್ಟು ಎರಡು ತಿಂದೆ.

ಏಪ್ರಿಲ್ ೧, ಮಂಗಳವಾರ

ಕೊಲ್ಲಬೇಕೆಂದಿರಲಿಲ್ಲ, ಸರಿ. ಆದರೆ ಆಮೇಲೆ ಮಾಡಿದ್ದು? ಡಬ್ಬಿ ಎತ್ತಿಕೊಂಡು ಓಡಿದ್ದು ಯಾವ ಗುಂಜಿ? ದಾರಿಯುದ್ದಕ್ಕೂ ಇದನ್ನೇ ಹೇಳಿಕೊಳ್ಳುತ್ತಾ ಹೋದೆ. ಕೋಪ ಕಮ್ಮಿಯಾಗಿಲ್ಲ. ತೂಕ ಸರಿಯಾಗಿದೆ, ಅಷ್ಟೆ.

ರೇಂಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಜಯಂತ್ ಬೆಂಚಿನ ಮೇಲೆ ರಿವಾಲ್ವರ್ ತೆರೆದಿಟ್ಟು ನಿಂತಿದ್ದ. ಅವರು ತುಂಬ ಇಳಿದುಹೋಗಿದ್ದಾರೆ, ‘ಅವನು’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

“ತೋಟಾ ಕೊಡು” ಎಂದರು.

“ತಂದಿಲ್ಲ.”

“ಯಾಕೆ?”

“ಬಿಚ್ಚಿದೆ.”

ಬೆಂಚಿಗೆ ಒರಗಿದರು. “ಮೆಸೇಜ್ ನೋಡಿದಾಗ್ಲೇ ಅಂದ್ಕೊಂಡೆ, ಪೂಜಿತಾ. ನೀನು ಏನು ತುಂಬಿರ್ತೀಯ ಅಂತ. ಗೊತ್ತಿದ್ದೂ ಹೊಡೆಯೋಕೆ ಅಂತಲೇ ಬಂದಿದ್ದೆ” ಎಂದರು.

ನಾನು ರಿವಾಲ್ವರನ್ನು ಬೆಂಚಿನ ಈ ತುದಿಗೆ ಎಳೆದುಕೊಂಡೆ. “ಅಷ್ಟು ಸುಲಭವಾಗಿ ಬಿಡಲ್ಲ ನಿಮ್ಮನ್ನ” ಎಂದೆ.

ಗುಂಜಿಯ ತಪ್ಪು ಅವರಿಗೂ ಮರುದಿನವೇ ಗೊತ್ತಾಗಿತ್ತು. ಮನೆಗೆ ಹೋಗಿ ಉಳಿದವನ್ನು ಬಿಚ್ಚಿ, ಲೆಕ್ಕವನ್ನು ಹಿಂದಕ್ಕೆ ಹಾಕಿ ನೋಡಿದಾಗ. ಇಲ್ಲಿನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಹತ್ತಿರದಲ್ಲಿದೆ, ಇದು ಪೊಲೀಸ್ ಕೇಸಾದರೆ ಏನು ಗತಿ ಎಂದು ಹೆದರಿದರಂತೆ. ಕ್ಲಬ್ಬಿನವರು, ಇದು ಮುದುಕ ತುಂಬಿದ್ದೇ ತಾನೆ ಎಂದು ಕೇಳಿದಾಗ ಹೌದು ಎಂದುಬಿಟ್ಟರು. ಒಂದು ಶಬ್ದ. ಆಮೇಲೆ ಅದನ್ನು ನುಂಗಲಾಗಲಿಲ್ಲ.

“ಮನೆಗೆ ಬಂದು ಸಾರ್ ಕಾಲು ಹಿಡ್ಕೋತೀನಿ” ಎಂದರು. “ಕ್ಲಬ್ಬಲ್ಲಿ ಬೇಡ. ಪ್ಲೀಸ್.”

“ನಮ್ಮನೇಲಿ ನಿಮ್ಮ ಕೈ ಬೇಡ. ಸಭೇಲಿ ನಿಮ್ಮ ಬಾಯಿ ಬೇಕು.”

“ಸಾರ್ ಒಪ್ತಾರಾ? ನಂಬರ್ ಹೇಳ್ಬೇಕಾಗುತ್ತೆ.”

ನನಗೆ ನಗು ಬಂತು. ಬರಬಾರದಿತ್ತು. ಅವರೂ ನಕ್ಕರು, ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಬೆಂಚಿನ ಮೇಲಿದ್ದ ರಿವಾಲ್ವರನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಅವರು ಅದನ್ನು ವಾಪಸ್ ಕೇಳಲಿಲ್ಲ.

ಏಪ್ರಿಲ್ ೩, ಗುರುವಾರ

ಸಭೆಯಲ್ಲಿ ಸಂಖ್ಯೆ ಹೇಳಬೇಕೆಂದು ಎರಡು ದಿನ ಚಿಕ್ಕಪ್ಪನ ಜೊತೆ ಜಗಳ. ಚಿಕ್ಕಮ್ಮ ನಡುವೆ ಬಂದು ಮುಗಿಸಿದರು.

“ನನ್ನ ಹೆಸರಿನ ತೋಟಾ ತಾನೆ? ಹಾಗಾದ್ರೆ ಅದರ ಗುಟ್ಟು ಅರ್ಧ ನಂದು. ನನ್ನ ಅರ್ಧ ನಾನು ಹೇಳ್ತೀನಿ. ನಿಮ್ಮ ಅರ್ಧ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೊಳಿ.”

“ಅರ್ಧ ಗೊತ್ತಾದ್ರೆ ಪೂರ್ತಿ ಗೊತ್ತಾದ ಹಾಗೇ ಅಲ್ವೇನೇ.”

“ಅದಕ್ಕೇ ಹೇಳಿದ್ದು.”

ಚಿಕ್ಕಪ್ಪ ಎದ್ದು ಹೋಗಿ ಸಭೆಗೆ ಯಾವ ಅಂಗಿ ಎಂದು ಹುಡುಕತೊಡಗಿದರು. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಆಗುವುದು ಯಾವುದು ಎಂದು.

ಸಭೆಯಲ್ಲಿ ನಾನೇನು ಮಾತಾಡಬೇಕು ಎಂದು ನಾಲ್ಕು ಪುಟ ಬರೆದಿದ್ದೆ. ಇವತ್ತು ಓದಿದರೆ ಬಹಳ ಉದ್ದ ಅನ್ನಿಸಿತು. ಎರಡು ತೋಟಾದ ಮದ್ದು, ತೂಕದ ಯಂತ್ರ, ಇಬ್ಬರು ಗಂಡಸರು. ಇವಿಷ್ಟು ಮೇಜಿನ ಮುಂದೆ ಬಂದರೆ ಸಾಕು. ಆಮೇಲೆ ಆ ಅಧ್ಯಕ್ಷ ಚಿಕ್ಕಪ್ಪನ ಮುಖ ನೋಡಿ ಅರಳುಮರಳು ಅಂದದ್ದನ್ನು ವಾಪಸ್ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವವರೆಗೆ ನಾನು ಏಳುವುದಿಲ್ಲ, ಯಾರನ್ನೂ ಏಳಗೊಡುವುದಿಲ್ಲ.

ಜಯಂತಣ್ಣ ಫೋನ್ ಮಾಡಿದರು. ಬರುತ್ತೇನೆ, ನನ್ನ ಕಾರಿನಲ್ಲಿ ನೇರವಾಗಿ ಅಲ್ಲಿಗೇ ಬರುತ್ತೇನೆ ಎಂದರು.

“ಬೇಡ” ಎಂದೆ. “ಸ್ವಂತ ಕಾರಲ್ಲಿ ಬಂದವರು ಅರ್ಧ ದಾರೀಲಿ ವಾಪಸ್ ತಿರುಗ್ತಾರೆ. ನಾನು ಡ್ರೈವ್ ಮಾಡ್ತೀನಿ. ಚಿಕ್ಕಪ್ಪ ಮುಂದಿನ ಸೀಟಲ್ಲಿ, ನೀವು ಹಿಂದೆ.”

“ಒಂದೇ ಕಾರಲ್ಲಿ ಅಷ್ಟು ದೂರ ನಾನು ಏನು ಮಾತಾಡ್ಲಿ ಅವರ ಹತ್ರ?”

“ಅದನ್ನೇ ಮಾತಾಡಿ. ಸಭೆ ಹತ್ತಕ್ಕೆ. ಶನಿವಾರ ಬೆಳಗ್ಗೆ ಎಂಟೂವರೆಗೆ ನಿಮ್ಮ ಅಪಾರ್ಟ್‌ಮೆಂಟಿನ ಗೇಟ್ ಮುಂದೆ ನಿಂತಿರಿ.”